ವೇದಿಕೆಯಿಂದ ಪಂಕ್ತಿಗೆ

ಹುಬ್ಬಳ್ಳಿಯ ಕೇಶ್ವಾಪುರದ ಸರ್ವೋದಯ ಸರ್ಕಲ್‌ಗೆ ಹತ್ತಿರದ ಒಂದು ಮನೆಯ ಕಟ್ಟೆ. ಒಬ್ಬರು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಮಾಸ್ತರು. ಇನ್ನೊಬ್ಬಳು ಅವರಲ್ಲಿ ಕಲಿತು, ಈಗ ಬೀದಿನಾಟಕದ ತಂಡದಲ್ಲಿರುವ ಹುಡುಗಿ.

ಹುಡುಗಿ: ಮಾಸ್ತರ, ನಾಟಕ ಬಿಟ್ಟಬಿಡಬೇಕು ಅಂತ ಮಾಡೀನ್ರಿ.

ಮಾಸ್ತರು: ಯಾಕವಾ? ಮೊನ್ನೆ ಸರ್ಕಲ್‌ನ್ಯಾಗ ನಿಮ್ಮ ಆಟಕ್ಕ ಮಂದಿ ಎಷ್ಟ ಚಪ್ಪಾಳಿ ತಟ್ಟಿದ್ರು!

ಹುಡುಗಿ: ಆ ಚಪ್ಪಾಳಿನೇ ನನಗ ತ್ರಾಸ ಕೊಡಾಕತ್ತೈತ್ರಿ. ಜಾತಿ ಮ್ಯಾಲ ಕಟ್ಟಿದ ಆಟ ಅದು. ಮುಖ್ಯ ಪಾತ್ರ ಮಾಡಿದಾಕಿ ನನ್ನ ಗೆಳತಿ. ಆಟ ಮುಗಿದಮ್ಯಾಲ ಒಬ್ಬ ಹಿರಿಯರು ಮುಂದ ಬಂದು, ಆಕಿ ತಲಿ ಮ್ಯಾಲ ಕೈ ಇಟ್ಟು ಕಣ್ಣೀರ ಹಾಕಿದ್ರು. ಮುಂದಿನ ವಾರ ಆಕಿ ಬಾಡಿಗಿ ಮನಿ ಹುಡುಕ್ಕೋತ ಹೋದಾಗ ಅದೇ ಹಿರಿಯರ ಮನಿ ಸಿಕ್ತು. ‘ನಿಮ್ಮ ಮಂದಿ ಯಾರವಾ?’ ಅಂತ ಕೇಳಿದ್ರು. ಆಕಿ ಹೇಳಿದ್ಲು. ‘ಮ್ಯಾಲಿನ ಮನಿ ನಮ್ಮ ತಂಗಿ ಮಗನ ಸಲುವಾಗಿ ಇಟ್ಟೀವಿ’ ಅಂದ್ರು. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅನ್ನೂ ಬೋರ್ಡು ಹಂಗೇ ತೂಗಾಡಾಕತ್ತಿತ್ತು.

ಮಾಸ್ತರು: ಹಂಗಾರ ಆ ಕಣ್ಣೀರು ಸುಳ್ಳು ಅಂತೀಯೇನು?

ಹುಡುಗಿ: ಇಲ್ರಿ. ಸುಳ್ಳಾಗಿದ್ರ ಸಿಟ್ಟ ಮಾಡ್ಕೊಂಡು ಸುಮ್ಮನಾಗ್ತಿದ್ದೆ. ನಾ ಹತ್ತರನ ನಿಂತಿದ್ದೆ, ಅವರು ಖರೇನ ಅತ್ತರು. ಕಣ್ಣೀರೂ ಖರೆ, ‘ಇಲ್ಲ’ ಅಂದದ್ದೂ ಖರೆ. ಎರಡೂ ಒಂದೇ ಮನಸಿನ್ಯಾಗ ಹೆಂಗ ಇರ್ತಾವ್ರಿ? ಇರ್ತಾವು ಅಂದಮ್ಯಾಲ ನಮ್ಮ ನಾಟಕದ್ದು ಏನ ಉಪಯೋಗ?

ಮಾಸ್ತರು: ಈ ಪ್ರಶ್ನೆ ನಿನಗಿಂತ ಮೊದಲ ಈ ಊರಾಗ ಒಬ್ಬರು ಬದುಕಿ ತೋರಿಸ್ಯಾರ. ಇಲ್ಲಿಂದ ನಡಕೋತ ಹೋದ್ರ ದೇಶಪಾಂಡೆ ನಗರ. ಗಾಯಕಿ ಗಂಗೂಬಾಯಿ ಹಾನಗಲ್ಲರ ಮನಿ ಇರೂದು ಅಲ್ಲೆ. 1924ರ ಡಿಸೆಂಬರ್‌ದಾಗ ಬೆಳಗಾವಿಯೊಳಗ ಕಾಂಗ್ರೆಸ್ ಅಧಿವೇಶನ ಆತಲ್ಲ, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಅಲ್ಲೆ ಸ್ವಾಗತಗೀತೆ ಹಾಡಾಕ ಹೋದ ಮಕ್ಕಳೊಳಗ ಈಕಿನೂ ಇದ್ಲು. ಹನ್ನೊಂದು ವರ್ಷದ ಹುಡುಗಿ. ಆ ದಿನ ನೆನೆಸಿಕೊಂಡು ಮುಂದ ಅವರೇ ಹೇಳ್ಯಾರ: ಹಾಡೂದರ ಚಿಂತಿಗಿಂತ ಊಟದ ಹೊತ್ತಿನ ಚಿಂತಿನ ದೊಡ್ಡದಿತ್ತಂತ. ತಮ್ಮ ಜಾತಿ ನೋಡಿ, ಉಂಡವರ ಎಂಜಲ ಎಲಿ ತಗಿ ಅಂತಾರೋ ಏನೋ ಅನ್ನೂ ಅಂಜಿಕಿ.

ಹುಡುಗಿ: ಅಂದ್ರ, ಹಾಡೂ ಬಾಯಿ ಬೇಕು, ಉಣ್ಣೂ ಬಾಯಿ ಬ್ಯಾಡ.

ಮಾಸ್ತರು: ಅಷ್ಟೇ ಮಾತು. ವೇದಿಕೆ ಮ್ಯಾಲ ಹತ್ತಿಸಿಕೊಂಡವರು ಪಂಕ್ತಿಯೊಳಗ ಕೂಡ್ರಿಸಿಕೋತಾರೇನು ಅನ್ನೂದು ಆ ಮಗುವಿಗೆ ಗೊತ್ತಿರಲಿಲ್ಲ. ಧಾರವಾಡದ ಶುಕ್ರವಾರಪೇಟಿಯೊಳಗ ಬೆಳೆದ ಮನಿ ಅವರದು. ಸಣ್ಣಾಕಿ ಇದ್ದಾಗ ನೆರೆಮನಿ ಹಿತ್ತಲದಾಗ ಮಾವಿನಕಾಯಿಗೆ ಕೈ ಹಾಕಿ ಬೈಸಿಕೊಂಡಿದ್ರು. ಕಾಯಿ ಕದ್ದದ್ದು ಆ ಮನಿಯವರಿಗೆ ದೊಡ್ಡದಾಗಲಿಲ್ಲ. ಹಾಡೂ ಹೆಂಗಸಿನ ಮಗಳು ತಮ್ಮ ಹಿತ್ತಲದಾಗ ಕಾಲ ಇಟ್ಟದ್ದು ದೊಡ್ಡದಾತು. ಮುಂದ ಇಂಥವರೇ ಮನಿಗೆ ಕರದು ಸತ್ಕಾರ ಮಾಡಿದ್ರು ಅನ್ನೂದನ್ನೂ ಗಂಗೂಬಾಯಿ ನೆನೆಸ್ಯಾರ.

ಹುಡುಗಿ: ಆದ್ರ ಮಾಸ್ತರ, ನನಗೊಂದು ಸಂಶಯ ಐತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಅವರು ಜೀವನಪೂರ್ತಿ ಹಾಡಿದ್ದು ಮಾರ್ವಾ, ಭೈರವ, ಚಂದ್ರಕಂಸ. ಆ ಮಾವಿನಗಿಡದ ನೋವು ಅದರಾಗ ಎಲ್ಲೈತಿ? ಒಂದು ಶಬ್ದ ಐತೇನು? ನಾವು ಬೀದಿಯೊಳಗ ನಿಂತು ಹೆಸರು ಹಿಡದು ಹೇಳ್ತೀವಿ. ಅವರು ಹೇಳಲಿಲ್ಲ. ಅದನ್ನ ಅನ್ಯಾಯಕ್ಕ ಕೊಟ್ಟ ಉತ್ತರ ಅಂತ ಹೆಂಗ ಕರೀಬೇಕು?

ಮಾಸ್ತರು: ಶಬ್ದದಾಗ ಹುಡುಕಿದ್ರ ಸಿಗೂದಿಲ್ಲ, ಖರೆ. ಅವರು ಏನನ್ನ ಹಾಡಲಿಲ್ಲ ಅನ್ನೂದರಾಗ ಹುಡುಕು. ಆಗಿನ ಕಾಲದಾಗ ಹಾಡೂ ಮನೆತನದ ಹೆಣ್ಣುಮಗಳಿಂದ ಮಂದಿ ಏನ ಬಯಸ್ತಿದ್ರು? ನಾಜೂಕಾದ ಕಂಠ, ಮನಸು ರಂಜಿಸೂ ಠುಮ್ರಿ, ಭಾವಗೀತೆ. ಗಂಟಲಿನ ತ್ರಾಸದಿಂದ ಇವರ ದನಿ ದಪ್ಪಾತು, ಗಂಡುದನಿ ಅನ್ನೂಹಂಗಾತು. ಅದನ್ನ ಅವರು ಮುಚ್ಚಿಟ್ಟುಕೊಳ್ಳಲಿಲ್ಲ, ಆ ದನಿಗೆ ತಕ್ಕ ಗಾಯನ ಕಟ್ಟಿಕೊಂಡರು. 1945ರ ಹೊತ್ತಿಗೆ ಠುಮ್ರಿ, ಭಜನ ಎಲ್ಲಾ ಬಿಟ್ಟು ಬರೇ ಶಾಸ್ತ್ರೀಯ ರಾಗಗಾಯನಕ್ಕ ನಿಂತರು. ವಿಲಂಬಿತ ಖಯಾಲ್‌ದಾಗ ಒಂದೊಂದು ಸ್ವರಾನೂ ಅವಸರ ಇಲ್ಲದ ಬೆಳೆಸೂದು ದೊಡ್ಡ ಉಸ್ತಾದರ ಜಾಗ. ನಿಮ್ಮನ್ನ ರಂಜಿಸೂದು ನನ್ನ ಕೆಲಸ ಅಲ್ಲ, ನೀವು ನನ್ನ ಕೂಡ ಇಲ್ಲೆ ನಿಲ್ಲಬೇಕು ಅಂತ ಹೇಳೂ ಗಾಯನ ಅದು. ಐದನೇ ಇಯತ್ತೆತನಕ ಕಲಿತ, ಬೀದಿಯೊಳಗ ನಡದ್ರ ‘ಗಾನೇವಾಲಿ ಬಂದ್ಲು’ ಅನ್ನಿಸಿಕೊಂಡ ಹೆಣ್ಣುಮಗಳು, ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಬಂದು ಕಲಿತು, ತನಗ ಸಲ್ಲದ ಜಾಗ ಅಂದಲ್ಲೆ ಗಟ್ಟಿಯಾಗಿ ಕುಂತ್ಲು. ಅದೂ ಉತ್ತರನ.

ಹುಡುಗಿ: ಒಪ್ಪಿದೆ. ಆದ್ರ ಆ ಉತ್ತರ ಒಬ್ಬರ ಪಾಲಿನದಾಗಿ ಉಳೀತಲ್ಲರಿ? ಅವರಿಗೆ 1971ರಾಗ ಪದ್ಮಭೂಷಣ ಬಂತು, 2002ರಾಗ ಪದ್ಮವಿಭೂಷಣ ಬಂತು. 2009ರಾಗ ತೀರಿಕೊಂಡಾಗ ಸರಕಾರಿ ಗೌರವ ಸಿಕ್ತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕ ಅವರ ಹೆಸರು ಇಟ್ಟರು. ಎಲ್ಲಾ ಛೊಲೋ ಆತು. ಆದ್ರ ಒಬ್ಬರನ್ನ ಮ್ಯಾಲ ಎತ್ತಿ ಕೂಡ್ರಿಸಿ, ಉಳಿದ ನೂರು ಮಂದಿನ್ನ ಹೊಸ್ತಿಲ ಹೊರಗ ನಿಲ್ಲಿಸೂದು ಸಮಾಜಕ್ಕ ಭಾಳ ಸರಳ. ‘ನೀ ಹಂಗಲ್ಲ ಬಿಡು’ ಅಂತ ಒಬ್ಬರಿಗೆ ಹೇಳಿಬಿಟ್ರ, ಅವರ ಮಂದಿ ಬಗ್ಗೆ ಇದ್ದ ಮಾತು ಹಂಗೇ ಉಳೀತೈತಿ.

ಮಾಸ್ತರು: ಅದು ಅವರಿಗೂ ತಿಳದಿತ್ತು. ಗಂಡಸು ಹಾಡಿದ್ರ, ಮುಸಲ್ಮಾನ ಇದ್ರ ಉಸ್ತಾದ ಆಗ್ತಾನ, ಹಿಂದೂ ಇದ್ರ ಪಂಡಿತ ಆಗ್ತಾನ. ಕೇಸರಬಾಯಿ, ಮೋಗೂಬಾಯಿಯಂಥ ಗಾಯಕಿಯರು ಮಾತ್ರ ಎಷ್ಟು ದೊಡ್ಡವರಾದ್ರೂ ಬಾಯಿಗಳಾಗೇ ಉಳೀತಾರ ಅಂತ ಅವರು ಮತ್ತ ಮತ್ತ ಹೇಳ್ತಿದ್ರು. ಪ್ರಶಸ್ತಿ ಬಂದಮ್ಯಾಲೂ ಆ ಮಾತು ಬಿಡಲಿಲ್ಲ. ತನಗ ಒಬ್ಬಾಕಿಗೆ ಸಿಕ್ಕಿದ್ದು ಎಲ್ಲಾರಿಗೂ ಸಿಕ್ಕಂಗ ಅಲ್ಲ ಅಂತ ಅವರಿಗೆ ಗೊತ್ತಿತ್ತು.

ಹುಡುಗಿ: ಅದಕ್ಕೇ ನನಗ ಇನ್ನೊಂದು ದಾರಿ ಹೆಚ್ಚ ಮನಸಿಗೆ ಬರೂದ್ರಿ. 1979ರಾಗ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದೊಳಗ ದಲಿತ ಸಾಹಿತ್ಯಕ್ಕ ಒಂದು ಗೋಷ್ಠಿ ಬೇಕು ಅಂತ ಲೇಖಕ ಚೆನ್ನಣ್ಣ ವಾಲೀಕಾರರು ಕೇಳಿದ್ರು, ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅಲ್ಲೂ ಪಂಕ್ತಿ ಸಿಗಲಿಲ್ಲ ಅಂದಂಗಾತು. ಅವರು ಬಾಗಲದಾಗ ಕಾಯ್ಕೋತ ನಿಲ್ಲಲಿಲ್ಲ. ಅದೇ ವರ್ಷ ಮಾರ್ಚ್‌ದಾಗ ಬೆಂಗಳೂರಾಗ ತಮ್ಮದೇ ಸಮ್ಮೇಳನ ಮಾಡಿದ್ರು, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದಕ್ಕೂ ಮೊದಲ 1975ರಾಗ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತ್ತು. ಓದಾಕ ಬರದವರೂ ಆ ಹಾಡುಗಳನ್ನ ಮೆರವಣಿಗಿಯೊಳಗ ಹಾಡಿದ್ರು. ಬಿಹಾರದ ಬೆಲ್ಚಿಯೊಳಗ 1977ರ ಮೇ 27ರಂದು 11 ಮಂದಿನ್ನ ಕೊಂದು ಸುಟ್ಟರಲ್ಲ, ಹೆಚ್ಚಿನವರು ದಲಿತರು. ಆ ಸುದ್ದಿನ್ನ ಸಿ. ಜಿ. ಕೃಷ್ಣಸ್ವಾಮಿ ಬೀದಿನಾಟಕ ಮಾಡಿದ್ರು, ‘ಸಮುದಾಯ’ ತಂಡದವರು ಜಾಥಾದೊಳಗ ಕರ್ನಾಟಕದ ಹಳ್ಳಿಹಳ್ಳಿಗೆ ಒಯ್ದರು. ಬಿಹಾರ ಎಲ್ಲೈತಿ ಅಂತ ಗೊತ್ತಿರದವರೂ ಅದರಾಗ ತಮ್ಮ ಊರನ್ನ ಕಂಡರು. ಇದು ಒಬ್ಬರ ಪಾಲಿನ ಉತ್ತರ ಅಲ್ಲ.

ಮಾಸ್ತರು: ಹೌದು. ಅಲ್ಲೆ ಆದದ್ದೇನು, ವಿಚಾರ ಮಾಡು. ಸಿಟ್ಟು ಆ ಮೊದಲೂ ಮಂದಿಯೊಳಗ ಇತ್ತು. ಅದಕ್ಕ ಹಾಡಿನ ಧಾಟಿ ಸಿಕ್ತು, ಕುಣಿತದ ಹೆಜ್ಜಿ ಸಿಕ್ತು. ಬರೇ ಭಾಷಣ ಆಗಿದ್ರ ಸಂಜೀತನಕ ಉಳೀತಿರಲಿಲ್ಲ. ಛೊಲೋ ಕಟ್ಟಿದ್ದಕ್ಕ ಊರಿಂದ ಊರಿಗೆ ದಾಟಿತು. ನೀ ಗಂಗೂಬಾಯಿಯವರ ದಾರಿ, ಬಂಡಾಯದ ದಾರಿ ಅಂತ ಎರಡು ಮಾಡ್ತೀ. ನನಗ ಎರಡರಾಗೂ ಒಂದು ಸಾಮ್ಯ ಕಾಣ್ತೈತಿ. ಇಬ್ಬರೂ ಕರುಣೆ ಕೇಳಲಿಲ್ಲ. ಕರುಣೆ ಕೇಳೂ ಕಲೆಗೆ ಕಣ್ಣೀರು ಬೇಗ ಸಿಗತೈತಿ, ಅಷ್ಟರಾಗೇ ಮುಗೀತೈತಿ.

ಹುಡುಗಿ: ನಮ್ಮ ಆಟ ಕರುಣೆ ಕೇಳಿತು ಅಂತೀರೇನು?

ಮಾಸ್ತರು: ಸ್ವಲ್ಪ ಕೇಳಿತು. ನಿನ್ನ ಗೆಳತಿ ಪಾತ್ರ ಪೂರಾ ಅಳುವಿನದು. ಆಕಿಗೆ ಸಿಟ್ಟಿರಲಿಲ್ಲ, ಕನಸಿರಲಿಲ್ಲ, ಚಾಷ್ಟಿ ಮಾಡೂ ಮಾತಿರಲಿಲ್ಲ. ನೋಡಿದವರಿಗೆ ಆಕಿ ಮ್ಯಾಲ ಮರುಕ ಬಂತು. ಮರುಕ ಪಡೂದು ಮ್ಯಾಲ ನಿಂತು ಕೆಳಗ ನೋಡಿದಂಗ. ಬಾಡಿಗಿ ಕೊಡೂದಂದ್ರ ಒಂದೇ ಮೆಟ್ಟಿಲದ ಮ್ಯಾಲ ನಿಲ್ಲೂದು. ಆ ಹಿರಿಯರು ಮೊದಲನೇದಕ್ಕ ತಯಾರಿದ್ರು, ಎರಡನೇದಕ್ಕ ಇರಲಿಲ್ಲ.

ಹುಡುಗಿ: ಈ ಮಾತು ನನಗ ಬೇಕಾಗಿತ್ತು. ಆಟದಾಗ ಆ ಪಾತ್ರ ನಗೂದಿಲ್ಲ ಅಂತ ಗೆಳತಿನೇ ಒಮ್ಮೆ ಹೇಳಿದ್ಲು, ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಆಕಿಗೆ ಕುಸುಗಲ್ ರೋಡಿನ್ಯಾಗ ಮನಿ ಸಿಕ್ಕೈತ್ರಿ. ರೈಲ್ವೆದವರ ಮನಿ. ಅವರು ಪಗಾರ ಎಷ್ಟು, ಎಷ್ಟು ಮಂದಿ ಇರ್ತೀರಿ ಅಂತ ಅಷ್ಟೇ ಕೇಳಿದ್ರಂತ. ನಮ್ಮ ಆಟ ಅವರು ನೋಡೇ ಇಲ್ಲ.

ಮಾಸ್ತರು: ನೋಡದವರು ಕೊಟ್ಟರು, ನೋಡಿ ಅತ್ತವರು ಕೊಡಲಿಲ್ಲ. ಹಂಗಂತ ಕಲೆಯಿಂದ ಏನೂ ಆಗೂದಿಲ್ಲ ಅಂತ ಕೈ ಚೆಲ್ಲೂದೂ ಸರಿ ಅಲ್ಲ. ಕುಂದಗೋಳದ ಮಾತಿಗೆ ಬರೋಣು. ಗಂಗೂಬಾಯಿಯವರ ಗುರುಗಳು ಸವಾಯಿ ಗಂಧರ್ವರು, ಕುಂದಗೋಳದ ರಾಮಭಾವು, ಬ್ರಾಹ್ಮಣರು. ಅವರ ಗುರುಗಳು ಕೈರಾನಾದ ಅಬ್ದುಲ್ ಕರೀಂ ಖಾನ್ ಸಾಹೇಬರು. ಸವಾಯಿ ಗಂಧರ್ವರ ಹತ್ತರ ಗದಗಿನ ಭೀಮಸೇನ ಜೋಶಿ ಕಲಿತ್ರು, ಪಾರ್ಸಿ ಫಿರೋಜ್ ದಸ್ತೂರ ಕಲಿತ್ರು, ಗಂಗೂಬಾಯಿ ಕಲಿತ್ರು. ಧಾರವಾಡದಾಗ ಮಲ್ಲಿಕಾರ್ಜುನ ಮನಸೂರರು ಲಿಂಗಾಯತರು, ಅವರಿಗೆ ಕಲಿಸಿದವರು ಮಂಜೀಖಾನ್, ಆಮ್ಯಾಲ ಬುರ್ಜೀಖಾನ್. ಇವತ್ತು ಹುಬ್ಬಳ್ಳಿ–ಧಾರವಾಡ ಅಂದ್ರ ಹಿಂದೂಸ್ತಾನಿ ಸಂಗೀತ ಅಂತ ಎದಿ ಉಬ್ಬಿಸಿ ಹೇಳ್ತೀವಲ್ಲ, ಅದು ಬಂದದ್ದು ಜಾತಿ-ಧರ್ಮದ ಗೋಡಿ ದಾಟಿದ ಗುರು-ಶಿಷ್ಯರಿಂದ. ಯಾರೂ ಅದನ್ನ ಸೌಹಾರ್ದದ ಕಾರ್ಯಕ್ರಮ ಅಂತ ಮಾಡಲಿಲ್ಲ. ಕಲೀಬೇಕು ಅನ್ನೂ ಹಸಿವಿತ್ತು, ಕಲಿಸಬೇಕು ಅನ್ನೂ ಮನಸಿತ್ತು.

ಹುಡುಗಿ: ಮಾಸ್ತರ, ಇಲ್ಲೆ ನಾ ನಿಮ್ಮನ್ನ ತಡೀತೀನಿ. ಖಾನ್ ಸಾಹೇಬರ ಗಾಯನ ಎಲ್ಲಾರ ಮನಿಯೊಳಗೂ ಬರತೈತಿ. ಖಾನ್ ಅನ್ನೂ ಹೆಸರಿನ ಹುಡುಗ ಬಾಡಿಗಿಗೆ ಬರೂಹಂಗಿಲ್ಲ. ಗೋಡಿ ದಾಟಿದವರು ಗುರುಗಳು, ಶಿಷ್ಯರು. ಕೇಳುಗರು ದಾಟಲೇ ಇಲ್ಲ. ನಾವು ಗೋಡಿ ಈಚಿಗೆ ಕುಂತು, ಆಚಿಂದ ಬಂದ ಹಾಡು ಕೇಳಿ, ‘ಆಹಾ’ ಅಂದಿವಿ.

ಮಾಸ್ತರು: ...ಖರೆ ಹೇಳಿದಿ. ಇದನ್ನ ನಾ ಅಲ್ಲಗಳೀಲಾರೆ. ಬ್ಯಾರೆ ದೇಶದಾಗೂ ಇದೇ ಕಥಿ. ಅಮೆರಿಕದಾಗ ಮರಿಯನ್ ಆಂಡರ್ಸನ್ ಅಂತ ಕಪ್ಪುಜನಾಂಗದ ದೊಡ್ಡ ಗಾಯಕಿ ಇದ್ರು. 1937ರಾಗ ಪ್ರಿನ್ಸ್‌ಟನ್ ಊರಾಗ ಅವರ ಕಛೇರಿ ಇತ್ತು. ಹಾಡು ಕೇಳಾಕ ಕರೆಸಿಕೊಂಡ ಊರಿನ ಹೋಟೆಲು ರಾತ್ರಿ ಇರಾಕ ಕೋಣಿ ಕೊಡಲಿಲ್ಲ. ಆವಾಗ ಅದೇ ಊರಾಗಿದ್ದ ಐನ್‌ಸ್ಟೈನ್ ತಮ್ಮ ಮನಿಗೆ ಕರಕೊಂಡು ಹೋದ್ರು. ಮುಂದ ವಾಷಿಂಗ್ಟನ್‌ದಾಗ ಒಂದು ಸಭಾಗೃಹದವರು ಬಣ್ಣದ ಕಾರಣಕ್ಕ ಹಾಡಾಕ ಜಾಗ ಕೊಡಲಿಲ್ಲ. 1939ರ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮ್ಯಾಲ, ಬಯಲಿನ್ಯಾಗ ಹಾಡಿದ್ರು. ಸುಮಾರು 75,000 ಮಂದಿ ಕೂಡಿದ್ರು.

ಹುಡುಗಿ: ನನಗ ಆ 75,000 ಮಂದಿಗಿಂತ ಐನ್‌ಸ್ಟೈನರ ಮನಿ ದೊಡ್ಡದು ಕಾಣಾಕತ್ತೈತಿ. ಹಾಡಿಗೆ ‘ಆಹಾ’ ಅಂದು ಸುಮ್ಮನಾಗದ, ಮನಿ ಬಾಗಲಾ ತಗದರು. ಕೇಳುಗ ಮಾಡಬೇಕಾದ ಕೆಲಸ ಅದು.

ಮಾಸ್ತರು: ಅದೇ ನಾ ಹುಡುಕಾಕತ್ತಿದ್ದ ಮಾತು. ಕಲೆ ನ್ಯಾಯ ಕೊಡೂದಿಲ್ಲ, ಕೊಡೂ ಅಧಿಕಾರ ಅದಕ್ಕಿಲ್ಲ. ಆದ್ರ ಕೇಳಿದವನ ಮ್ಯಾಲ ಒಂದು ಋಣ ಹೊರಿಸತೈತಿ. ಆಟ ನೋಡೂ ಮೊದಲ ಆ ಹಿರಿಯರು ‘ನನಗ ಇದೆಲ್ಲಾ ಗೊತ್ತಿರಲಿಲ್ಲ’ ಅನ್ನಬಹುದಿತ್ತು. ಅತ್ತಮ್ಯಾಲ ಆ ಮಾತು ಅನ್ನಾಕ ಬರೂದಿಲ್ಲ. ಗೊತ್ತಿಲ್ಲ ಅನ್ನೂ ಒಂದು ಮರೆ ಅವರಿಗಿತ್ತು, ನೀವು ಅದನ್ನ ಕಿತ್ತಿರಿ. ಬೋರ್ಡು ತೂಗಾಡುವಾಗ ಸುಳ್ಳು ಹೇಳಬೇಕಾತಲ್ಲ, ಅದು ಯಾಕಂತ ವಿಚಾರ ಮಾಡು. ಹಿಂದಿನ ಕಾಲದಾಗ ಇಂಥ ಮಾತಿಗೆ ಸುಳ್ಳಿನ ಅವಶ್ಯಕತೆ ಇರಲಿಲ್ಲ. ‘ನಿಮ್ಮವರಿಗೆ ಕೊಡೂದಿಲ್ಲ’ ಅಂತ ಕಟ್ಟಿ ಮ್ಯಾಲ ಕುಂತು ರಾಜಾರೋಷ ಹೇಳ್ತಿದ್ರು. ಇವತ್ತು ಸುಳ್ಳು ಹೇಳಬೇಕಾಗೇತಿ ಅಂದ್ರ, ಇದು ಅನ್ಯಾಯ ಅಂತ ಒಳಗ ಗೊತ್ತಾಗೇತಿ ಅಂತ ಅರ್ಥ. ಕಾನೂನು, ಚಳವಳಿ ಆ ಕೆಲಸ ಮಾಡ್ಯಾವು, ಹಾಡು-ನಾಟಕಾನೂ ಮಾಡ್ಯಾವು.

ಹುಡುಗಿ: ಗೊತ್ತಾದರ ಸಾಲೂದಿಲ್ಲರಿ. ಮತ್ತ ಕೆಲವರು ಗೊತ್ತಾಗಬಾರದು ಅಂತ ಗುಂಡು ಹಾರಿಸ್ತಾರ. 2015ರ ಆಗಸ್ಟ್ 30ರ ಮುಂಜಾನೆ ಧಾರವಾಡದ ಕಲ್ಯಾಣನಗರದಾಗ ಎಂ. ಎಂ. ಕಲಬುರ್ಗಿ ಸರ್‌ನ್ನ ಅವರ ಮನಿ ಬಾಗಲದಾಗೇ ಕೊಂದರು. ಜೀವನಪೂರ್ತಿ ವಚನ, ಶಾಸನ ಓದಿದವರು, ‘ಕೆಟ್ಟಿತ್ತು ಕಲ್ಯಾಣ’ ಅಂತ ನಾಟಕ ಬರದವರು. ಬಾಗಲಾ ಬಡದವರಿಗೆ ಬಾಗಲಾ ತಗದದ್ದಕ್ಕೇ ಜೀವ ಹೋತು. ಅಂಥ ದ್ವೇಷದ ಮುಂದ ನಮ್ಮ ಹಲಗಿ, ನಮ್ಮ ಹಾಡು ಏನ ಮಾಡ್ತಾವು?

ಮಾಸ್ತರು: ಗುಂಡಿಗೆ ಹಾಡು ಅಡ್ಡ ನಿಲ್ಲೂದಿಲ್ಲ, ತಂಗಿ. ಅದನ್ನ ಒಪ್ಪಿಕೊಂಡೇ ಮಾತಾಡಬೇಕು. ಆದ್ರ ಆಮ್ಯಾಲ ಆದದ್ದನ್ನೂ ನೆನಪಿಡು. ಕವಿ ಚಂಪಾ (ಚಂದ್ರಶೇಖರ ಪಾಟೀಲ) ತಮಗ ಬಂದ ಪಂಪ ಪ್ರಶಸ್ತಿನ್ನ ಸರಕಾರಕ್ಕ ತಿರುಗಿ ಕೊಟ್ಟರು. ದೇಶದ ತುಂಬ ಎಷ್ಟೋ ಭಾಷೆಯ ಲೇಖಕರು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಿರುಗಿ ಕೊಟ್ಟರು. ಅವರು ತಿರುಗಿ ಕೊಟ್ಟದ್ದು ಚಪ್ಪಾಳಿ. ನಮ್ಮ ಜೀವದ ಸಲುವಾಗಿ ನಿಲ್ಲಲಾರದವರು ನಮಗ ಶಾಲು ಹೊದಿಸೂದು ಬ್ಯಾಡ ಅಂದ್ರು. ಹನ್ನೊಂದು ವರ್ಷದ ಹುಡುಗಿ ಬೆಳಗಾವಿಯೊಳಗ ಬಾಯಿಬಿಟ್ಟು ಹೇಳಲಾರದ್ದನ್ನ, 91 ವರ್ಷ ಆದಮ್ಯಾಲ ಅವರು ಎಲ್ಲಾರ ಎದುರಿಗೆ ಹೇಳಿದಂಗಾತು. ವೇದಿಕೆಯ ಗೌರವ ಪಂಕ್ತಿಯೊಳಗೂ ಉಳೀಬೇಕು, ಇಲ್ಲಾಂದ್ರ ಬ್ಯಾಡ.

ಹುಡುಗಿ: ಹಂಗಾರ ನಮ್ಮಂಥವರು ಏನ ತಿರುಗಿ ಕೊಡೂದ್ರಿ? ನಮಗ ಯಾರೂ ಪ್ರಶಸ್ತಿ ಕೊಟ್ಟಿಲ್ಲ.

ಮಾಸ್ತರು: ನಿಮಗ ಸಿಕ್ಕಿದ್ದು ಚಪ್ಪಾಳಿ ಮತ್ತ ಕಣ್ಣೀರು. ಅದನ್ನೇ ತಿರುಗಿ ಕೊಡ್ರಿ. ಅಳೂದು ನಮಗ ಬ್ಯಾಡ, ನಿಮ್ಮ ಪಾಲಿನ ಕೆಲಸ ತೋರಿಸ್ರಿ ಅನ್ನೂಹಂಗ ಆಟ ಕಟ್ಟರಿ.

ಹುಡುಗಿ: ಬ್ರೆಜಿಲ್‌ದಾಗ ಆಗಸ್ಟೊ ಬೋಲ್ ಅಂತ ಒಬ್ಬರು ಇದ್ರು. ಅವರ ನಾಟಕದಾಗ ಅನ್ಯಾಯ ನಡಿಯೂ ಜಾಗಕ್ಕ ಆಟ ನಿಲ್ಲಿಸಿ, ನೋಡೂ ಮಂದಿಯಿಂದ ಒಬ್ಬರನ್ನ ಒಳಗ ಕರೀತಿದ್ರು. ನೀವು ಇಲ್ಲೆ ಇದ್ದಿದ್ರ ಏನ ಮಾಡ್ತಿದ್ರಿ, ಮಾಡಿ ತೋರಿಸ್ರಿ ಅಂತ. ಕುಂತು ನೋಡಿದಂಗ ಅಲ್ಲ ಅದು. ಎದುರಿಗೆ ನಿಂತಾಕಿ ಮುಖ ನೋಡಿ, ಬಾಯಿಲೆ ಮಾತಾಡಬೇಕು. ನಾವು ಆ ರೀತಿ ಮಾಡಬಹುದು. ಪಾತ್ರ ಮಾಡೂ ಹುಡುಗಿ ನಗತಾಳ, ಬಾಡಿಗಿ ಚೌಕಾಶಿ ಮಾಡತಾಳ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರತೈತಿ ಅಂತ ಕೇಳತಾಳ. ಆಕಿ ಎದುರಿಗೆ ಓಣಿಯವರೇ ಒಬ್ಬರು ನಿಲ್ಲಲಿ.

ಮಾಸ್ತರು: ಒಂದು ಎಚ್ಚರ ಇರಲಿ. ಮಂದಿಯೊಳಗ ನಿಲ್ಲಿಸಿ ಅವಮಾನ ಮಾಡಿದ್ರ ಅವರು ಇನ್ನಷ್ಟು ಬಿಗೀತಾರ. ಒಳಗಿನ ಸುಳ್ಳು ಇನ್ನೂ ಜಾಣ ಆಗತೈತಿ.

ಹುಡುಗಿ: ಅವಮಾನ ಮಾಡೂದಿಲ್ಲರಿ. ‘ಹೂಂ’ ಅನ್ನಾಕ ಒಂದು ಅವಕಾಶ ಕೊಡ್ತೀವಿ. ಓಣಿ ಮಂದಿ ಎದುರಿಗೆ ಒಮ್ಮೆ ‘ಬಾರವಾ, ಮನಿ ನೋಡು’ ಅಂದವರಿಗೆ, ಮರುದಿನ ಗೇಟಿನ್ಯಾಗ ಬ್ಯಾರೆ ಮಾತು ಆಡೂದು ಕಠಿಣ ಆಗತೈತಿ. ಆಟ ಮುಗಿದಮ್ಯಾಲ ಅಲ್ಲೇ ಎಲ್ಲಾರೂ ಕೂಡಿ ಉಣ್ಣೂದೂ ಮಾಡೋಣು. ಸಿದ್ಧಾರೂಢಮಠದಾಗ ಯಾರು ಏನು ಅಂತ ಕೇಳದ ಪ್ರಸಾದಕ್ಕ ಕೂಡ್ರಿಸೂ ಊರು ಇದು. ಆ ಪದ್ಧತಿನ್ನ ಮಠದ ಬಾಗಲದಿಂದ ನಮ್ಮ ಓಣಿಗೆ ತರಬೇಕು. ಅಲ್ಲೆ ಉಂಡು ಬಂದವರು ಮನಿಯೊಳಗ ಬ್ಯಾರೆ ಲೋಟಾ ಇಡ್ತಾರಲ್ಲ, ನಮ್ಮ ನಾಟಕದ ಕೆಲಸ ಅಲ್ಲಿಂದ ಸುರು ಆಗಬೇಕು.

ಮಾಸ್ತರು: ಅದರ ಜೊತಿಗೆ ಅಭ್ಯಾಸಾನೂ ಬಿಡಬ್ಯಾಡ್ರಿ. ಉದ್ದೇಶ ದೊಡ್ಡದೈತಿ ಅಂತ ಹಲಗಿ ತಾಳ ತಪ್ಪಬಾರದು. ಗಂಗೂಬಾಯಿಯವರ ದನಿಗೆ ವರ್ಷಾನುಗಟ್ಟಲೆ ರಿಯಾಜಿನ ಬಲ ಇತ್ತು, ಅದಕ್ಕೇ ಯಾರೂ ಅವರನ್ನ ಪಕ್ಕಕ್ಕ ಸರಿಸಲಾರದಾದ್ರು.

ಹುಡುಗಿ: ಕೈ ಗಟ್ಟಿ ಮಾಡ್ಕೋತೀವ್ರಿ. ಆದ್ರ ಒಂದು ಮಾತು ನನಗ ಈಗ ಸ್ಪಷ್ಟ ಆತು. ಅನ್ಯಾಯಕ್ಕ ನೀ ಏನ ಉತ್ತರ ಕೊಟ್ಟಿ ಅಂತ ನಾವು ಯಾವಾಗಲೂ ಕಲಾವಿದರನ್ನೇ ಕೇಳ್ತೀವಿ. ಗಂಗೂಬಾಯಿಯವರನ್ನ ನಾನೂ ಹಂಗೇ ಕೇಳಿದೆ. ಅವರು ತಮ್ಮ ಪಾಲಿನದು ಕೊಟ್ಟರು, ಹಾಡಿ ಕೊಟ್ಟರು. ವಾಲೀಕಾರರು, ಸಿದ್ಧಲಿಂಗಯ್ಯ ಬರದು ಕೊಟ್ಟರು. ಅವರನ್ನ ಕೇಳಿದವರು, ಓದಿದವರು, ನಾವು, ನಮ್ಮ ಓಣಿ, ನಮ್ಮ ಮನಿ, ನಾವು ಏನ ಕೊಟ್ಟೀವಿ? ಇನ್ನ ಮುಂದ ಪ್ರತಿ ಆಟ ಆದಮ್ಯಾಲೂ ಈ ಪ್ರಶ್ನೆನ ಮಂದಿ ಮುಂದ ಇಡ್ತೀನಿ. ಮೊದಲ ಉತ್ತರ ನಮ್ಮ ಮನಿಯಿಂದ ಬರಬೇಕು. ಅವ್ವನ ಕೂಡ ಇವತ್ತ ಆ ಮಾತು ತಗೀತೀನಿ.

ಮಾಸ್ತರು: ತಗೀವಾ. ಕಲಾವಿದರು ತಮ್ಮ ಸಾಲ ತೀರಿಸ್ಯಾರ. ಇನ್ನು ಉಳಿದದ್ದು ಕೇಳಿದವರ ಸಾಲ. ಅದನ್ನ ಚಪ್ಪಾಳಿಲೆ ತೀರಿಸಾಕ ಬರೂದಿಲ್ಲ ಅಂತ ಎಲ್ಲಾರಿಗೂ ಕೇಳೂಹಂಗ ಹೇಳು.